ಕಾರಿನ ಹಿಂದೆ ಟ್ರೇಲರ್ ಕಟ್ಟುವ ಮುಂಚೆ: ಮೊದಲು ತೂಕ, ಆಮೇಲೆ ಹುಕ್, ಕೊನೆಗೆ ಸ್ಪ್ರಿಂಗ್

ತಿಂಡಿ ಗಾಡಿ, ಜನರೇಟರ್ ಟ್ರಾಲಿ, ಶಾಮಿಯಾನದ ಸಾಮಾನು ಹೇರುವ ಸಣ್ಣ ಟ್ರೇಲರ್, ಔಷಧಿ ಹೊಡೆಯುವ ಡ್ರಮ್ ಇಟ್ಟ ಗಾಲಿ ಗಾಡಿ. ಇವನ್ನು ಎಳೆಯೋಕೆ ಟ್ರ್ಯಾಕ್ಟರೇ ಬೇಕು ಅನ್ನೋ ಕಾಲ ಹೋಯ್ತು. ಮನೆ ಮುಂದೆ ನಿಂತ ಬೊಲೆರೊ, ಇನ್ನೋವಾ, ಇಕೋ ಹಿಂದೆಯೇ ಒಂದು ಹುಕ್ ಹಾಕಿಸಿ ಎಳೆದುಕೊಂಡು ಹೋಗುವವರಿದ್ದಾರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಕಾರೇ ಸಂಜೆ ಸಂತೆಗೆ ಗಾಡಿ ಎಳೆಯುತ್ತದೆ.

ತೊಂದರೆ ಶುರುವಾಗೋದು ಕಾರು ಹಿಂದಕ್ಕೆ ಕೂತಾಗ. ಹಿಂದಿನ ಬಂಪರ್ ಕೆಳಗಿಳಿದು, ಮುಂದಿನ ಲೈಟು ಆಕಾಶ ನೋಡೋಕೆ ಶುರುವಾದ ಮೇಲೆ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಇನ್ನೊಂದು ಪ್ಲೇಟ್ ಹಾಕ್ಸಿಬಿಡಿ ಅಣ್ಣ, ಎಷ್ಟು ಬೇಕಾದ್ರೂ ಎಳೀಬಹುದು." ಪ್ಲೇಟ್ ಹಾಕಿಸಿದರೆ ಕಾರು ಎತ್ತರಕ್ಕೆ ಬರುತ್ತದೆ ನಿಜ. ಆದರೆ ಕಾರಿನ ಬ್ರೇಕ್, ಆಕ್ಸಲ್, ಬೇರಿಂಗ್, ಟೈರ್ ಯಾವುದೂ ಬದಲಾಗಿರುವುದಿಲ್ಲ. ಸ್ಪ್ರಿಂಗ್ ಎತ್ತರ ಕೊಡುತ್ತದೆ, ಹೆಚ್ಚು ಭಾರ ಎಳೆಯುವ ಯೋಗ್ಯತೆ ಕೊಡುವುದಿಲ್ಲ. ಹಾಗಾಗಿ ಖರ್ಚು ಮಾಡುವ ಮುಂಚೆ ಲೆಕ್ಕ ಹಾಕಬೇಕಾದ ಕ್ರಮವೇ ಬೇರೆ.

ಮೊದಲು ಕಾರಿನ ಪುಸ್ತಕ ತೆಗೆಯಿರಿ

ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಬಿದ್ದಿರುವ ಓನರ್ಸ್ ಮ್ಯಾನುಯಲ್‌ನಲ್ಲಿ ಟ್ರೇಲರ್ ಎಳೆಯುವ ಬಗ್ಗೆ ಏನಿದೆ ನೋಡಬೇಕು. ನಮ್ಮಲ್ಲಿ ಮಾರಾಟವಾಗುವ ಹಲವು ಸಣ್ಣ ಕಾರುಗಳ ಪುಸ್ತಕದಲ್ಲಿ "ಈ ಕಾರು ಟ್ರೇಲರ್ ಎಳೆಯಲು ಅಲ್ಲ" ಎಂಬ ಅರ್ಥದ ಮಾತೇ ಇರುತ್ತದೆ. ಹಾಗಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಆ ಕಾರಿಗೆ ಯಾವ ಹುಕ್, ಯಾವ ಸ್ಪ್ರಿಂಗ್ ಹಾಕಿದರೂ ಅದು ಕಂಪನಿ ಒಪ್ಪದ ಕೆಲಸ.

ಎಳೆಯಬಹುದು ಎಂದಿದ್ದರೆ ಎರಡು ಅಂಕಿ ಹುಡುಕಬೇಕು. ಬ್ರೇಕ್ ಇಲ್ಲದ ಟ್ರೇಲರ್ ಎಷ್ಟು ಕೆ.ಜಿ., ಬ್ರೇಕ್ ಇರುವ ಟ್ರೇಲರ್ ಎಷ್ಟು ಕೆ.ಜಿ. ಎಂಬುದು ಒಂದು. ಹುಕ್ ಮೇಲೆ ಎಷ್ಟು ಭಾರ ಕೂರಬಹುದು ಎಂಬುದು ಇನ್ನೊಂದು.

ಕೆಲವರು ಬಂಪರ್‌ನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಕೊಂಡಿಯನ್ನೇ ಟ್ರೇಲರ್ ಹುಕ್ ಎಂದುಕೊಳ್ಳುತ್ತಾರೆ. ಅದು ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ನಿಧಾನವಾಗಿ ಎಳೆಯೋಕೆ ಮಾತ್ರ. ಗುಂಡಿ ರಸ್ತೆಯಲ್ಲಿ ಮೇಲೆ ಕೆಳಗೆ ಕುಕ್ಕುವ ಟ್ರೇಲರ್‌ನ ಪೆಟ್ಟು ತಡೆಯೋಕೆ ಅದನ್ನು ಮಾಡಿಲ್ಲ.

ಸೀಟು ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ

ಕಾರಿನ ಖಾಲಿ ತೂಕ ಆರ್‌ಸಿಯಲ್ಲಿರುತ್ತದೆ. ಜನ, ಸಾಮಾನು ಎಲ್ಲಾ ಸೇರಿ ಕಾರು ಹೊರಬಹುದಾದ ಒಟ್ಟು ತೂಕ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಕೈಲಿರುವ ಬಂಡವಾಳ.

ಉದಾಹರಣೆಗೆ ಖಾಲಿ ಕಾರು 1,200 ಕೆ.ಜಿ., ಒಟ್ಟು ಮಿತಿ 1,800 ಕೆ.ಜಿ. ಎಂದುಕೊಳ್ಳೋಣ. ಉಳಿಯೋದು 600 ಕೆ.ಜಿ. ಏಳು ಜನ ಕೂತರೆ, ತಲೆಗೆ 65 ಕೆ.ಜಿ.ಯಂತೆ 455 ಕೆ.ಜಿ. ಹುಕ್ ಮತ್ತು ಅದರ ಕಬ್ಬಿಣದ ಫ್ರೇಮ್ 25 ಕೆ.ಜಿ. ಡಿಕ್ಕಿಯಲ್ಲಿ ಸಿಲಿಂಡರ್, ಪಾತ್ರೆ, ಅಕ್ಕಿ ಮೂಟೆ ಸೇರಿ 100 ಕೆ.ಜಿ. ಟ್ರೇಲರ್‌ನ ಮೂತಿ ಹುಕ್ ಮೇಲೆ ಕೂರಿಸುವ ಭಾರ 60 ಕೆ.ಜಿ. ಒಟ್ಟು 640 ಕೆ.ಜಿ. ಟ್ರೇಲರ್‌ನ ಪೂರ್ತಿ ತೂಕ ಲೆಕ್ಕಕ್ಕೆ ಬರುವ ಮೊದಲೇ ಕಾರು 40 ಕೆ.ಜಿ. ಮಿತಿ ದಾಟಿತು. ಇಬ್ಬರು ಇಳಿದು ಬಸ್ಸಿಗೆ ಹೋದರೆ ಅದೇ ಕಾರು ಮಿತಿಯೊಳಗೆ ಬರುತ್ತದೆ. ಇದಕ್ಕೆ ಗ್ಯಾರೇಜಿನ ಖರ್ಚೇ ಬೇಡ.

ಅಂದಾಜಿನ ಬದಲು ಕಾಟಾ ಮೇಲೆ ತೂಗಿಸೋದು ಒಳ್ಳೇದು. ಎಪಿಎಂಸಿ ಯಾರ್ಡ್, ಅಕ್ಕಿ ಗಿರಣಿ ಪಕ್ಕದ ವೇ ಬ್ರಿಡ್ಜ್‌ನಲ್ಲಿ ಜನ, ಸಾಮಾನು ತುಂಬಿಸಿ ಟ್ರೇಲರ್ ಕಟ್ಟಿಕೊಂಡೇ ಹೋಗಿ ಮೂರು ಸಲ ತೂಗಿಸಬೇಕು. ಪೂರ್ತಿ ಕಾರು ಮಾತ್ರ ಕಾಟಾ ಮೇಲೆ ಒಂದು ಸಲ, ಕಾರಿನ ಹಿಂದಿನ ಗಾಲಿ ಮಾತ್ರ ಇನ್ನೊಂದು ಸಲ, ಟ್ರೇಲರ್ ಬಿಚ್ಚಿ ಅದೊಂದನ್ನೇ ಮತ್ತೊಂದು ಸಲ. ಈ ಮೂರು ಚೀಟಿ ಕೈಯಲ್ಲಿದ್ದರೆ ಮುಂದಿನ ಎಲ್ಲಾ ತೀರ್ಮಾನ ಸುಲಭ.

ಎತ್ತಿನ ಗಾಡಿಯವರಿಗೆ ಗೊತ್ತಿದ್ದ ಮುಂಭಾರ

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲಿಗೆ ಏಟು. ಕಾರಿನ ಟ್ರೇಲರ್‌ಗೂ ಅದೇ ನ್ಯಾಯ.

ಒಂದು ಆಕ್ಸಲ್‌ನ ಸಣ್ಣ ಟ್ರೇಲರ್‌ಗೆ ಅದರ ಒಟ್ಟು ತೂಕದ ಸುಮಾರು 7ರಿಂದ 10 ಶೇಕಡಾ ಭಾರ ಹುಕ್ ಮೇಲೆ ಕೂರಬೇಕು ಎಂಬುದು ಸಾಮಾನ್ಯ ಲೆಕ್ಕ. 600 ಕೆ.ಜಿ. ಟ್ರೇಲರ್ ಆದರೆ 42ರಿಂದ 60 ಕೆ.ಜಿ. ಆದರೆ ಇದು ಕಾರಿನ ಪುಸ್ತಕದಲ್ಲಿರುವ ಹುಕ್ ಮಿತಿಯನ್ನು ದಾಟುವಂತಿಲ್ಲ.

ಮುಂಭಾರ ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತದೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊಯ್ದಾಡುತ್ತಾ ಕಾರಿನ ಹಿಂಭಾಗವನ್ನೂ ಎಳೆದಾಡುತ್ತದೆ. ವೇಗ ಹೆಚ್ಚಿದಷ್ಟೂ ಆಟ ಹೆಚ್ಚು. ಹಾಗಾದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯೋಕೆ ಬಿಡಬೇಕು. ಗಾಬರಿಯಲ್ಲಿ ಬ್ರೇಕ್ ತುಳಿಯೋದು, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸೋದು ಎರಡೂ ಅಪಾಯ.

ಮುಂಭಾರ ಜಾಸ್ತಿಯಾದರೆ ಇನ್ನೊಂದು ತೊಂದರೆ. ಹುಕ್ ಇರೋದು ಹಿಂದಿನ ಗಾಲಿಗಿಂತ ಸುಮಾರು ಒಂದು ಮೀಟರ್ ಹಿಂದೆ. ಅಲ್ಲಿ ಇಟ್ಟ ಭಾರ ಸನ್ನೆಕೋಲಿನ ಹಾಗೆ ಮುಂದಿನ ಗಾಲಿಯನ್ನು ಎತ್ತುತ್ತದೆ. ಎರಡು ಆಕ್ಸಲ್ ನಡುವೆ 2.7 ಮೀಟರ್ ಇರುವ ಕಾರಿನಲ್ಲಿ, ಹಿಂದಿನ ಆಕ್ಸಲ್‌ನಿಂದ 1.1 ಮೀಟರ್ ಹಿಂದಿರುವ ಹುಕ್ ಮೇಲೆ 60 ಕೆ.ಜಿ. ಇಟ್ಟರೆ ಮುಂದಿನ ಗಾಲಿಗಳ ಮೇಲಿನ ಭಾರ ಸುಮಾರು 24 ಕೆ.ಜಿ. ಇಳಿಯುತ್ತದೆ. ಹಿಂದಿನ ಆಕ್ಸಲ್‌ಗೆ 60 ಅಲ್ಲ, 84 ಕೆ.ಜಿ. ಬೀಳುತ್ತದೆ. ತಿರುಗಿಸುವ ಗಾಲಿ, ಹೆಚ್ಚು ಬ್ರೇಕ್ ಹಿಡಿಯುವ ಗಾಲಿ ಎರಡೂ ಮುಂದಿನವೇ. ಮುಂದಿನ ಗಾಲಿ ಎಳೆಯುವ ಎರ್ಟಿಗಾದಂಥ ಕಾರಾದರೆ ಏರಿನಲ್ಲಿ, ಕೆಸರಿನಲ್ಲಿ ಹಿಡಿತವೂ ಕಮ್ಮಿ.

ಮುಂಭಾರ ಅಳೆಯೋಕೆ ಮನೆಯಲ್ಲಿ ಮೈತೂಕ ನೋಡುವ ಮಷೀನ್ ಸಾಕು. ಸಮತಟ್ಟು ನೆಲದಲ್ಲಿ ಸಾಮಾನು ತುಂಬಿದ ಟ್ರೇಲರ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಹುಕ್‌ನ ಎತ್ತರಕ್ಕೆ ಬರುವಂತೆ ಮಷೀನ್ ಮೇಲೆ ಮರದ ದಿಮ್ಮಿ ಇಟ್ಟು, ಅದರ ಮೇಲೆ ಟ್ರೇಲರ್ ಮೂತಿ ಇಳಿಸಿ. ಜಾಸ್ತಿ ಬಂದರೆ ಭಾರದ ಸಾಮಾನನ್ನು ಸ್ವಲ್ಪ ಹಿಂದಕ್ಕೆ, ಕಡಿಮೆ ಬಂದರೆ ಮುಂದಕ್ಕೆ ಸರಿಸಿ. ಭಾರದ್ದೆಲ್ಲಾ ಗಾಲಿಯ ಹತ್ತಿರ, ಕೆಳಗಡೆ ಇರಬೇಕು. ಎಷ್ಟೋ ಕಾರು ಹಿಂದೆ ಕೂರುವ ಸಮಸ್ಯೆ ಇಲ್ಲೇ ಅರ್ಧ ಬಗೆಹರಿಯುತ್ತದೆ.

ಹುಕ್ ಯಾವುದು, ಎಲ್ಲಿ ಕೂರಬೇಕು

ಬೊಲೆರೊ, ಸ್ಕಾರ್ಪಿಯೊ, ಥಾರ್, ಇನ್ನೋವಾ ಕ್ರಿಸ್ಟಾ ಚಾಸಿಸ್ ಇರುವ ಗಾಡಿಗಳು. ಕೆಳಗೆ ಉದ್ದಕ್ಕೆ ಎರಡು ಗಟ್ಟಿ ಕಬ್ಬಿಣದ ತೊಲೆ, ಅದರ ಮೇಲೆ ಬಾಡಿ. ಹುಕ್ ಫ್ರೇಮನ್ನು ಆ ತೊಲೆಗಳಿಗೇ ಬೋಲ್ಟ್ ಹಾಕಿ ಕೂರಿಸಬಹುದು. ಎರ್ಟಿಗಾ, ಸ್ವಿಫ್ಟ್, ಇನ್ನೋವಾ ಹೈಕ್ರಾಸ್‌ನಂಥವಕ್ಕೆ ಬೇರೆ ಚಾಸಿಸ್ ಇಲ್ಲ, ತಗಡಿನ ಬಾಡಿಯೇ ಎಲ್ಲಾ ಭಾರ ಹೊರುತ್ತದೆ. ಇಂಥ ಕಾರಿಗೆ ಅದೇ ಮಾಡೆಲ್‌ಗೆಂದು ತಯಾರಾದ, ಬಾಡಿಯ ಬಲವಾದ ಜಾಗಗಳಲ್ಲಿ ಕೂರುವ ಫ್ರೇಮ್ ಇದ್ದರೆ ಮಾತ್ರ ಯೋಚಿಸಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕತ್ತರಿಸಿ ತಗಡಿಗೆ ವೆಲ್ಡ್ ಮಾಡಿಸಿದರೆ, ಸುಟ್ಟ ಜಾಗದಲ್ಲಿ ತುಕ್ಕು ಹಿಡಿದು ಬಿರುಕು ಬಿಡುವುದು ಕಣ್ಣಿಗೆ ಕಾಣುವುದಿಲ್ಲ.

ಅಕ್ಸೆಸರಿ ಅಂಗಡಿಯಲ್ಲಿ ಸಿಗುವ ಹೊಳೆಯುವ ಹಿಂದಿನ ಗಾರ್ಡ್‌ಗೆ ಒಂದು ಗುಂಡು ಹುಕ್ ಅಂಟಿಸಿರುತ್ತಾರೆ. ಅದು ಬಹುತೇಕ ಅಲಂಕಾರ. ಬಂಪರ್ ಹಿಡಿದಿಡುವ ನಾಲ್ಕು ಸಣ್ಣ ಬೋಲ್ಟ್‌ಗಳು 600 ಕೆ.ಜಿ. ಎಳೆಯೋಕೆ ಅಲ್ಲ.

ಹುಕ್ ಕೊಳ್ಳುವಾಗ ಗಮನಿಸಬೇಕಾದ್ದು ಇಷ್ಟು:

– ಹುಕ್ ಮೇಲೆ ಎಳೆಯುವ ತೂಕ ಮತ್ತು ಮುಂಭಾರದ ಮಿತಿ ಎರಡನ್ನೂ ಅಚ್ಚು ಹಾಕಿರಬೇಕು. ಕಾರು, ಹುಕ್, ಟ್ರೇಲರ್ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಲೆಕ್ಕ.

– ಗುಂಡು ಹುಕ್‌ನಲ್ಲಿ 50 ಮಿ.ಮೀ. ಅಳತೆ ಒಂದು, 2 ಇಂಚು ಎಂದರೆ 50.8 ಮಿ.ಮೀ. ಅಳತೆ ಇನ್ನೊಂದು. ನೋಡೋಕೆ ಒಂದೇ ಥರ. ಒಂದರ ಕಪ್ಪು ಇನ್ನೊಂದಕ್ಕೆ ಹಾಕಿದರೆ ಸಡಿಲವಾಗುತ್ತದೆ, ಇಲ್ಲವೇ ಪೂರ್ತಿ ಲಾಕ್ ಆಗುವುದಿಲ್ಲ. ಎರಡೂ ಒಂದೇ ಅಳತೆಯದ್ದೇ ಇರಬೇಕು.

– ಟ್ರ್ಯಾಕ್ಟರ್ ಥರದ ಪಿನ್ ಹುಕ್ ಆದರೆ ಪಿನ್‌ಗೆ ಲಾಕ್ ಕ್ಲಿಪ್ ಕಡ್ಡಾಯ. ಪಿನ್ ಸಡಿಲವಿದ್ದರೆ ಪ್ರತಿ ಬ್ರೇಕಿಗೂ ಟ್ರೇಲರ್ ಬಂದು ಗುದ್ದುತ್ತದೆ.

– ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರಬೇಕು. ಅಚ್ಚಿಲ್ಲದ ಬೋಲ್ಟ್ ಬೇಡ. ಮೊದಲ ಸಲ ಎಳೆದ ನಂತರ ಎಲ್ಲಾ ಬೋಲ್ಟ್ ಮತ್ತೆ ಬಿಗಿ ನೋಡಿಸಬೇಕು.

– ಹುಕ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಎರಡು ಸರಪಳಿ ಬೇಕು. ಮೂತಿಯ ಕೆಳಗೆ ಕತ್ತರಿ ಆಕಾರದಲ್ಲಿ ದಾಟಿಸಿ ಕಟ್ಟಿದರೆ ಮೂತಿ ನೆಲಕ್ಕೆ ಬೀಳುವ ಮುಂಚೆ ಅದರ ಮೇಲೆ ಕೂರುತ್ತದೆ. ಸರಪಳಿಯನ್ನು ಗುಂಡಿಗೆ ಅಲ್ಲ, ಫ್ರೇಮ್‌ಗೆ ಸಿಕ್ಕಿಸಬೇಕು.

– ಟ್ರೇಲರ್ ನೆಲಕ್ಕೆ ಸಮವಾಗಿ ನಿಲ್ಲುವಷ್ಟು ಎತ್ತರದಲ್ಲಿ ಹುಕ್ ಇರಬೇಕು. ಯುರೋಪಿನಲ್ಲಿ ಕಾರು ತುಂಬಿದಾಗ ಗುಂಡಿನ ಮಧ್ಯಭಾಗ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕೆಂಬ ಅಳತೆಯಿದೆ. ಆ ಮಾದರಿಯ ಟ್ರೇಲರ್‌ಗಳು ಇದಕ್ಕೇ ಹೊಂದುತ್ತವೆ.

– ಟ್ರೇಲರ್‌ನ ಬ್ರೇಕ್ ಲೈಟ್, ಇಂಡಿಕೇಟರ್ ವೈರನ್ನು ಕಾರಿನ ವೈರಿಗೆ ನೇರ ಸುತ್ತಿ ಟೇಪ್ ಹಾಕಬಾರದು. ಹೊಸ ಕಾರಿನಲ್ಲಿ ಫ್ಯೂಸ್ ಮಾತ್ರವಲ್ಲ, ಕಂಟ್ರೋಲ್ ಯೂನಿಟ್ಟೇ ಹೋಗಬಹುದು. ರಿಲೇ ಅಥವಾ ಟ್ರೇಲರ್ ಮಾಡ್ಯೂಲ್ ಮೂಲಕ ಸಾಕೆಟ್ ಹಾಕಿಸಬೇಕು.

– ಖಾಲಿ ಓಡಾಡುವಾಗ ಬಿಚ್ಚಿಡಬಹುದಾದ ಹುಕ್ ಒಳ್ಳೆಯದು. ನಂಬರ್ ಪ್ಲೇಟ್ ಮರೆಯಾಗಲ್ಲ, ಹಿಂದೆ ಬರುವ ಬೈಕಿನವರ ಮೊಣಕಾಲಿಗೂ ತಾಗಲ್ಲ.

ಈಗ ಸ್ಪ್ರಿಂಗ್ ವಿಚಾರ

ತೂಕ ಮಿತಿಯೊಳಗಿದೆ, ಮುಂಭಾರ ಸರಿಯಿದೆ, ಹುಕ್ ಗಟ್ಟಿಯಿದೆ. ಆದರೂ ಹಿಂದೆ ಕೂರುತ್ತದೆ ಎಂದರೆ ಆಗ ಸಸ್ಪೆನ್ಶನ್ ನೋಡಬೇಕು. ಎಷ್ಟು ಕೂರುತ್ತದೆ ಎಂದು ಅಳೆಯೋದು ಸುಲಭ. ಗಾಲಿಯ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟ್ರೇಲರ್ ಕಟ್ಟುವ ಮುಂಚೆ ಒಂದು ಅಳತೆ, ಕಟ್ಟಿದ ಮೇಲೆ ಒಂದು ಅಳತೆ, ಮುಂದಿನ ಮತ್ತು ಹಿಂದಿನ ಗಾಲಿ ಎರಡರಲ್ಲೂ. ಮುಂದೆ ಎಷ್ಟು ಎದ್ದಿದೆ, ಹಿಂದೆ ಎಷ್ಟು ಇಳಿದಿದೆ ಗೊತ್ತಾಗುತ್ತದೆ.

ಮೊದಲು ಹಳೇ ಸಾಮಾನು ಚೆಕ್ ಮಾಡಿಸಿ. 80–90 ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ ಸ್ಪ್ರಿಂಗ್ ತಾನೇ ಸುಸ್ತಾಗಿರಬಹುದು. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಒಸರಿದ್ದರೆ, ಹಂಪ್ ದಾಟಿದ ಮೇಲೆ ಕಾರು ಎರಡು ಮೂರು ಸಲ ಕುಣಿದರೆ, ಅದನ್ನು ಬದಲಿಸದೆ ಬೇರೇನು ಮಾಡಿದರೂ ದಂಡ. ಕಂಪನಿಯ ಹೊಸ ಸ್ಪ್ರಿಂಗ್, ಹೊಸ ಶಾಕ್ ಹಾಕಿದರೇ ಹಲವರ ಸಮಸ್ಯೆ ತೀರುತ್ತದೆ.

ಅದರಾಚೆಗಿನ ದಾರಿಗಳು ಇವು.

ಹೆಚ್ಚುವರಿ ಕಮಾನ್ ಪ್ಲೇಟ್: ಬೊಲೆರೊ, ಹಳೇ ಓಮ್ನಿಯಂಥ ಪ್ಲೇಟ್ ಸ್ಪ್ರಿಂಗ್ ಗಾಡಿಗೆ ಮಾತ್ರ. ಗಟ್ಟಿ, ಅಗ್ಗ, ಎಲ್ಲಾ ಊರಲ್ಲೂ ಮಾಡುತ್ತಾರೆ. ಆದರೆ ಟ್ರೇಲರ್ ಇಲ್ಲದ ದಿನ ಹಿಂದಿನ ಸೀಟಿನವರಿಗೆ ಸೊಂಟ ಹಿಡಿಯುತ್ತದೆ. ಖಾಲಿ ಗಾಡಿಯ ಹಿಂಭಾಗ ಗುಂಡಿಯಲ್ಲಿ ಎಗರಿ ಹಿಡಿತ ತಪ್ಪುತ್ತದೆ. ವಾರಕ್ಕೆ ಐದಾರು ದಿನ ಎಳೆಯುವವರಿಗೆ ಸರಿ, ತಿಂಗಳಿಗೊಮ್ಮೆ ಎಳೆಯುವವರಿಗೆ ಬೇಡ. ಹಾಕಿಸಿದರೆ ಸೆಂಟರ್ ಬೋಲ್ಟ್, ಯು-ಬೋಲ್ಟ್ ಕೂಡ ಅದಕ್ಕೆ ತಕ್ಕ ಉದ್ದದ್ದು ಹೊಸದಾಗಿ ಹಾಕಿಸಬೇಕು.

ಸ್ಪ್ರಿಂಗ್ ನಡುವೆ ಸಿಕ್ಕಿಸುವ ರಬ್ಬರ್ ಬಫರ್: ಸುರುಳಿ ಸ್ಪ್ರಿಂಗ್ ಕಾರಿನವರು ಹೆಚ್ಚಾಗಿ ಹಾಕಿಸೋದು ಇದನ್ನೇ. ಹತ್ತು ನಿಮಿಷದ ಕೆಲಸ. ಆದರೆ ಅದು ಸ್ಪ್ರಿಂಗ್‌ನ ಒಂದೆರಡು ಸುತ್ತನ್ನು ಕೆಲಸ ಮಾಡದಂತೆ ತಡೆದು ಗಟ್ಟಿ ಮಾಡುತ್ತದೆ ಅಷ್ಟೆ. ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚಿ ಸ್ಪ್ರಿಂಗ್ ಮುರಿಯಬಹುದು. ಟ್ರೇಲರ್ ಎಳೆಯೋಕೆ ಇದನ್ನೇ ನಂಬಬಾರದು.

ಗಟ್ಟಿ ಸುರುಳಿ ಸ್ಪ್ರಿಂಗ್: ಕಂಪನಿಯ ಸ್ಪ್ರಿಂಗ್ ತೆಗೆದು ಹೆಚ್ಚು ದಪ್ಪದ್ದು ಹಾಕೋದು. ಇದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಜತೆಗೇ ಹಾಕಿಸಬೇಕು. ಸ್ಪ್ರಿಂಗ್ ಗಟ್ಟಿಯಾಗಿ ಶಾಕ್ ಹಳೆಯದೇ ಉಳಿದರೆ ಕಾರು ಕುಣಿಯೋದು ನಿಲ್ಲಲ್ಲ. ಎರಡೂ ಬದಿಗೆ ಒಂದೇ ಜೋಡಿ ಹಾಕಬೇಕು.

ಗಾಳಿ ಬ್ಯಾಗ್: ಸುರುಳಿ ಸ್ಪ್ರಿಂಗ್ ಒಳಗೆ ಕೂರುವ ಗಾಳಿ ತುಂಬುವ ಚೀಲ. ಟ್ರೇಲರ್ ಕಟ್ಟಿದ ದಿನ ಗಾಳಿ ತುಂಬಿಸಿ, ಇಲ್ಲದ ದಿನ ಇಳಿಸಬಹುದು. ಮನೆ ಬಳಕೆ ಮತ್ತು ಎಳೆಯುವ ಕೆಲಸ ಎರಡೂ ಇರುವ ಕಾರಿಗೆ ಇದು ಹೆಚ್ಚು ಹೊಂದುತ್ತದೆ. ಎಲ್ಲಾ ಕಡೆ ಸಿಗಲ್ಲ, ಬೆಲೆ ಹೆಚ್ಚು, ಪೈಪು ಸೋರಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಟೈರನ್ನು ಮರೆಯುವಂತಿಲ್ಲ. ಟೈರ್ ಪಕ್ಕದಲ್ಲಿ ಅಳತೆಯ ನಂತರ ಬರುವ ಎರಡಂಕಿ ಸಂಖ್ಯೆ ಅದು ಹೊರುವ ಭಾರ ಹೇಳುತ್ತದೆ. 84 ಎಂದರೆ ಒಂದು ಟೈರಿಗೆ 500 ಕೆ.ಜಿ., 88 ಎಂದರೆ 560, 91 ಎಂದರೆ 615, 95 ಎಂದರೆ 690 ಕೆ.ಜಿ. ಕಾಟಾದಲ್ಲಿ ಸಿಕ್ಕ ಹಿಂದಿನ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ ಹೋಲಿಸಿದರೆ ಸಾಕು. ಗಾಳಿಯನ್ನೂ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಪೂರ್ತಿ ಲೋಡ್‌ಗೆ ಕೊಟ್ಟಿರುವಷ್ಟೇ ಹಿಡಿಸಬೇಕು.

ನಿಲ್ಲಿಸೋದೇ ದೊಡ್ಡ ಕೆಲಸ

ಎಳೆಯೋಕೆ ಎಂಜಿನ್ ಸಾಲುತ್ತದೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ, ನಿಲ್ಲಿಸೋಕೆ ಬ್ರೇಕ್ ಸಾಲುತ್ತದೋ ಎಂದು ಕೇಳುವವರು ಕಮ್ಮಿ. 1,700 ಕೆ.ಜಿ. ಕಾರಿಗೆ ಬ್ರೇಕ್ ಇಲ್ಲದ 600 ಕೆ.ಜಿ. ಟ್ರೇಲರ್ ಕಟ್ಟಿದರೆ ಅದೇ ನಾಲ್ಕು ಬ್ರೇಕ್ 2,300 ಕೆ.ಜಿ. ನಿಲ್ಲಿಸಬೇಕು. ಅಂದರೆ 35 ಶೇಕಡಾ ಹೆಚ್ಚು. ವೇಗ 40ರಿಂದ 60ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಕಾದು, ಪೆಡಲ್ ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಬೇಕು. ಭಾರದ ಟ್ರೇಲರ್ ಆಗಿದ್ದರೆ, ಕಾರು ನಿಧಾನವಾದಾಗ ತಾನೇ ಒತ್ತಿಕೊಂಡು ಹಿಡಿಯುವ ಬ್ರೇಕ್ ಟ್ರೇಲರ್‌ಗೇ ಇರುವುದು ಸ್ಪ್ರಿಂಗ್ ಗಟ್ಟಿ ಮಾಡಿಸೋದಕ್ಕಿಂತ ಮೇಲು.

ಟ್ರೇಲರ್‌ನಲ್ಲಿ ಆಳುಗಳನ್ನು ಕೂರಿಸೋದು ಬೇಡವೇ ಬೇಡ. ಒಂದೇ ಆಕ್ಸಲ್‌ನ ಗಾಡಿಯಲ್ಲಿ ಇಬ್ಬರು ಹಿಂದಕ್ಕೆ ಸರಿದು ಕೂತರೂ ಮುಂಭಾರ ಹೋಗಿ ಮೂತಿ ಏಳುತ್ತದೆ.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಹಾಗಾಗಿ ಅದಕ್ಕೆ ಬೇರೆ ನೋಂದಣಿ, ವಿಮೆ ಬೇಕು. ಎಳೆಯುವ ಕಾರಿನ ನಂಬರ್ ಕೂಡ ಟ್ರೇಲರ್ ಮೇಲೆ ಕಾಣಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ನೇರ ರಸ್ತೆಗಿಳಿಸಿದ ಗಾಡಿಗೆ ಇದ್ಯಾವುದೂ ಇರುವುದಿಲ್ಲ.

ಕಾರನ್ನು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸುವುದನ್ನು ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡಕ್ಕೂ ಅವಕಾಶವಿದೆ. ಬುಲ್‌ಬಾರ್, ಕ್ರ್ಯಾಶ್‌ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಆದ್ದರಿಂದ ಹುಕ್, ಸ್ಪ್ರಿಂಗ್ ಹಾಕಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯೋದು ಸರಿ. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ನೋಡೋದೇ ಕಾರಿಗೆ ಏನೇನು ಹೊಸದಾಗಿ ಸೇರಿದೆ ಎಂಬುದನ್ನು.

ಯಾರಿಗೆ ಯಾವುದು

ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಟ್ರೇಲರ್ ಬೇಕಾಗುವವರಿಗೆ ಹುಕ್, ಸ್ಪ್ರಿಂಗ್, ನೋಂದಣಿ, ವಿಮೆ ಎಲ್ಲದರ ಖರ್ಚು ಕೂಡಿದರೆ ಸಣ್ಣ ಗೂಡ್ಸ್ ಗಾಡಿ ಬಾಡಿಗೆಗೆ ಹಿಡಿಯೋದೇ ಲಾಭ. ವಾರಕ್ಕೊಂದೆರಡು ಸಲ ಹಗುರ ಟ್ರೇಲರ್ ಎಳೆಯುವ, ಚಾಸಿಸ್ ಇರುವ ಗಾಡಿಯವರಿಗೆ ಬಿಚ್ಚಿಡುವ ಹುಕ್, ಹೊಸ ಶಾಕ್ ಅಬ್ಸಾರ್ಬರ್, ಬೇಕಿದ್ದರೆ ಗಾಳಿ ಬ್ಯಾಗ್ ಸಾಕು. ದಿನಾ ಎಳೆದು ದುಡಿಯುವವರು ಮನೆ ಕಾರನ್ನು ಗಟ್ಟಿ ಮಾಡಿಸುತ್ತಾ ಹೋಗೋದಕ್ಕಿಂತ ಆ ಕೆಲಸಕ್ಕೇ ಒಂದು ಹಳೇ ಗೂಡ್ಸ್ ಗಾಡಿ ನೋಡಿಕೊಳ್ಳೋದು ಮೇಲು. ಮಕ್ಕಳು ಕೂರುವ ಕಾರಿನ ಸ್ಪ್ರಿಂಗ್, ಬ್ರೇಕ್ ಮನೆ ಮಂದಿಗೆ ತಕ್ಕಂತೆಯೇ ಉಳಿಯುತ್ತವೆ.

ಯಾವುದೇ ಆದರೂ ಹೊರಡುವ ಮುಂಚೆ ಐದು ನಿಮಿಷ ಗಾಡಿ ಸುತ್ತು ಹಾಕಿ: ಹುಕ್ ಲಾಕ್ ಕೂತಿದೆಯಾ, ಸರಪಳಿ ಹಾಕಿದೆಯಾ, ಟ್ರೇಲರ್‌ನ ಬ್ರೇಕ್ ಲೈಟ್, ಇಂಡಿಕೇಟರ್ ಉರಿಯುತ್ತಾ, ಟೈರಿಗೆ ಗಾಳಿ ಇದೆಯಾ, ಕಟ್ಟಿದ ಹಗ್ಗ ಬಿಗಿ ಇದೆಯಾ. ನಾಲ್ಕೈದು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಇದನ್ನೇ ಮತ್ತೊಂದು ಸಲ ನೋಡಿ. ಸಡಿಲ ಕಟ್ಟಿದ್ದು ಸಾಮಾನ್ಯವಾಗಿ ಅಷ್ಟು ದೂರದೊಳಗೇ ಗೊತ್ತಾಗಿಬಿಡುತ್ತದೆ.